ಸ್ಟೀಲಿನ ಬೆಸುಗೆ ಮತ್ತು ನನ್ನ ಸಡ್ಡಕ

ನನ್ನ ಹೆಂಡತಿಯ ತಂಗಿಗೆ ಮದುವೆಯಾಗುವ ತನಕ ಅಸಂಗಿಯ ಮಾವನ ಮನೆಗೆ ನಾನೊಬ್ಬನೇ ಅಳಿಯ. ಮಾವನಿಗೆ ಗಂಡುಮಕ್ಕಳಿರಲಿಲ್ಲ. ಕುರಿ ಕಾಯ್ದುಕೊಂಡು, ಇದ್ದ ಒಣಹೊಲದಲ್ಲಿ ಜೋಳ ಬೆಳೆದುಕೊಂಡು ಬಾಳಿದವರು. ಕುಂಟೆಯ ಕುಡ ಮುರಿದರೂ, ಬಾವಿಯ ಗಾಲಿ ಕಚ್ಚಿಕೊಂಡರೂ, ಊರವರಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: ನಮ್ಮ ಅಳಿಯಾರು ಬರಲಿ, ಕಬ್ಬಿಣದ ವಿಷಯ ಅವರಿಗೆ ಬಿಡ್ರಿ. ನಾನು ಅಸಂಗಿಗೆ ಹೋದರೆ ಕಟ್ಟೆಯ ಮೇಲೆ ನನಗಾಗಿ ಕಂಬಳಿ ಹಾಸುತ್ತಿದ್ದರು. ಹೊರಡುವಾಗ ಯಾರದೋ ಮನೆಯ ಮುರಿದ ಕೀಲೋ ಕೊಂಡಿಯೋ ನನ್ನ ಚೀಲಕ್ಕೆ ಬೀಳುತ್ತಿತ್ತು. ಅದು ಭಾರವೆಂದು ನನಗೆ ಒಮ್ಮೆಯೂ ಅನಿಸಿರಲಿಲ್ಲ.

ನಾನು ಯಳವಿಯವನು. ನಮ್ಮ ಮನೆಯಲ್ಲೂ ಕುರಿಗಳೇ. ಅರವತ್ತರ ದಶಕದ ಮೊದಲಲ್ಲಿ ಮಿರಜಿಗೆ ಹೋಗಿ ಒಂದು ವರ್ಕಶಾಪಿನಲ್ಲಿ ಗ್ಯಾಸಿನ ಬೆಸುಗೆ ಕಲಿತೆ, ಆಮೇಲೆ ಕರೆಂಟಿನ ಬೆಸುಗೆ. ಜತ್ತಿಗೆ ಬಂದು ಎಸ್‌ಟಿ ಬಸ್ ಸ್ಟ್ಯಾಂಡಿನ ಹತ್ತಿರ ತಗಡಿನ ಶೆಡ್ಡಿನಲ್ಲಿ ಬೆಸುಗೆಯ ಅಂಗಡಿ ಹಾಕಿದೆ. ನಾನು ಮಷೀನು ಹಚ್ಚಿದರೆ ಪಕ್ಕದ ಚಹಾದಂಗಡಿಯ ಬಲ್ಬು ಮಂಕಾಗುತ್ತಿತ್ತು. ಚಹಾದವನು ಬೈಯುತ್ತಿದ್ದ. ನನಗೆ ಅದು ಹೆಮ್ಮೆ.

ನಾದಿನಿಯನ್ನು ಕೊಟ್ಟದ್ದು ಕೊಲ್ಹಾಪುರದ ಕಡೆ ಒಂದು ಕಾರಖಾನೆಯಲ್ಲಿ ಕೆಲಸಕ್ಕಿದ್ದ ಹುಡುಗನಿಗೆ. ಆ ಕಾರಖಾನೆಯಲ್ಲಿ ಸ್ಟೀಲಿನ ಹಾಲಿನ ಕ್ಯಾನು, ಟಾಕಿ, ಕೊಡ ಎಲ್ಲ ಮಾಡುತ್ತಿದ್ದರು. ಹುಡುಗ ಅಲ್ಲಿ ಮಿಸ್ತ್ರಿ ಅಂತ ಮಧ್ಯಸ್ಥರು ಹೇಳಿದರು, ಅಂದರೆ ವೆಲ್ಡರ್ ಅಂತ ಮಾವ ನಮಗೆಲ್ಲ ಹೇಳಿದರು. ತೆಳ್ಳಗಿನ, ಮಾತು ಕಡಿಮೆ ಇರುವ ಮನುಷ್ಯ. ಸಂಬಂಧದಲ್ಲಿ ನನಗೆ ಸಡ್ಡಕ. ನಾನು ದೊಡ್ಡ ಅಳಿಯ, ಅವನು ಸಣ್ಣ ಅಳಿಯ. ನನ್ನನ್ನು ಅಣ್ಣಾರು ಅನ್ನುತ್ತಿದ್ದ.

ಮದುವೆಯಾದ ಮೇಲಿನ ಮೊದಲ ದೀಪಾವಳಿಗೆ ಅವನು ಅತ್ತೆಗೆಂದು ತನ್ನ ಕಾರಖಾನೆಯ ಒಂದು ಸ್ಟೀಲಿನ ಕೊಡ ತಂದ. ಆಗ ನಮ್ಮ ಕಡೆ ಹಿತ್ತಾಳೆ, ತಾಮ್ರ, ಬಡವರ ಮನೆಯಲ್ಲಿ ಜರ್ಮನ್ ಅನ್ನುವ ಅಲ್ಯೂಮಿನಿಯಂ ಪಾತ್ರೆ. ಸ್ಟೀಲಿನ ಲೋಟಾ ಕಂಡದ್ದೇ ಅಪರೂಪ. ಕೊಡ ಓಣಿಯ ಹೆಂಗಸರ ಕೈಯಿಂದ ಕೈಗೆ ಹೋಯಿತು. ಕೊನೆಗೆ ನನ್ನ ಹೆಂಡತಿಯ ಕೈಗೆ ಬಂದಾಗ ಅವಳು ಅದರ ಹೊಟ್ಟೆಯಲ್ಲಿ ತನ್ನ ಮುಖ ನೋಡಿಕೊಂಡು ಕುಂಕುಮ ಸರಿಮಾಡಿಕೊಂಡಳು. ನಾನು ಕಟ್ಟೆಯ ಮೇಲಿಂದ ನೋಡುತ್ತಿದ್ದೆ. ಕಂಬಳಿಯ ನಡುವಿನಲ್ಲಿ ಕೂತವನು ಸಡ್ಡಕ. ನನಗೆ ಅಂಚು.

ತಿರುಗಿ ಬರುವಾಗ ಬಸ್ಸಿನಲ್ಲಿ ಹೆಂಡತಿ, "ಆ ಕೊಡಕ ಹುಣಸೀಹಣ್ಣು ಹಚ್ಚಿ ತಿಕ್ಕೂದ ಬ್ಯಾಡಂತ್ರಿ" ಅಂದಳು. ಅಷ್ಟೇ. ನನಗೆ ಅಷ್ಟು ಸಾಕಿತ್ತು.

ನಾನೂ ಒಂದು ಕೊಡ ಮಾಡುವುದೆಂದು ಹಟ ಹಿಡಿದೆ. ಸಾಂಗ್ಲಿಯಲ್ಲಿ ಹಳೆ ಲೋಹ ಮಾರುವ ಮೋಡಕದ ಅಂಗಡಿಯಿಂದ ಸ್ಟೀಲಿನ ತುಂಡು ತಗಡು ತಂದೆ. ಬಡಿದು ಬಗ್ಗಿಸುವುದು ಕಷ್ಟವಾಗಲಿಲ್ಲ. ಜೋಡಿಸುವುದು ಕಷ್ಟವಾಯಿತು. ಬೆಸುಗೆಯ ಸಂದಿಗೆ ಕರಗಿ ತುಂಬುವ ಕಡ್ಡಿಗೆ ನಾವು ರಾಡ್ ಅನ್ನುತ್ತೇವೆ. ಕಬ್ಬಿಣಕ್ಕೆ ಕಬ್ಬಿಣದ ರಾಡು, ಸ್ಟೀಲಿಗೆ ಸ್ಟೀಲಿನ ರಾಡು ಅನ್ನುವುದು ನನಗೂ ಗೊತ್ತಿತ್ತು. ಆದರೆ ಅಸಲಿ ಸ್ಟೀಲಿನ ರಾಡು ಆಗ ಜತ್ತಿನಲ್ಲಿ ಎಲ್ಲಿಂದ ಬರಬೇಕು? ಸಡ್ಡಕನಿಗೆ ಹೇಳಿ ತರಿಸಬಹುದಿತ್ತು. ಅದೊಂದನ್ನು ಬಿಟ್ಟು ಬೇರೆಲ್ಲ ಮಾಡಿದೆ.

ಮೊದಲು ಕೈಯಲ್ಲಿದ್ದ ಸಾದಾ ರಾಡನ್ನೇ ಹಚ್ಚಿದೆ. ಜೋಡು ಗಟ್ಟಿಯಾಗಿ ಕೂತಿತು. ಆದರೆ ನಮ್ಮ ಬಾವಿಯ ನೀರು ಸವಳು. ಸ್ವಲ್ಪ ದಿನದಲ್ಲೇ ಕೊಡದ ಕೊರಳಿನ ಸುತ್ತ ಜಂಗು ಹಿಡಿದು ಕೆಂಪು ದಾರ ಕಟ್ಟಿದಂತಾಯಿತು. ತಗಡಿಗೆ ಏನೂ ಆಗಿರಲಿಲ್ಲ, ನಾನು ತುಂಬಿದ ಜಾಗ ಮಾತ್ರ ಕೊಳೆತಿತ್ತು. ಆಮೇಲೆ ಗ್ಯಾಸ್ ಹಚ್ಚಿ ಹಿತ್ತಾಳೆ ತುಂಬಿದೆ. ಬಿಳಿ ಕೊಡಕ್ಕೆ ಹಳದಿ ಅಂಚು, ಇಳಕಲ್ ಸೀರೆಯ ಹಾಗೆ ಚಂದ ಕಂಡಿತು. ಹೆಂಡತಿ ಅದರಲ್ಲಿ ಮಜ್ಜಿಗೆ ಇಟ್ಟಳು. ಅಂಚು ಹಸಿರಾಯಿತು. ಮಜ್ಜಿಗೆ ಬಾಯಿಗಿಟ್ಟವಳು ಹೊರಗೆ ಹೋಗಿ ಉಗುಳಿ ಬಂದಳು.

ಹಾಗಾದರೆ ಅದೇ ತಗಡಿನಿಂದ ಸಣ್ಣ ಪಟ್ಟಿ ಕತ್ತರಿಸಿ ಅದನ್ನೇ ರಾಡಾಗಿ ಯಾಕೆ ಕರಗಿಸಬಾರದು ಅನಿಸಿತು. ಅದೇ ಲೋಹಕ್ಕೆ ಅದೇ ಲೋಹ. ಗ್ಯಾಸಿನ ಉರಿಯಲ್ಲಿ ಸಾವಕಾಶ ಮಾಡಿದೆ. ಈ ಸಲ ಬೆಸುಗೆ ಕೆಡಲಿಲ್ಲ. ಅದರ ಎರಡೂ ಬದಿಗೆ, ಒಂದು ಬೆರಳಿನಷ್ಟು ಸರಿದು, ಕಂದು ಗೆರೆ ಎದ್ದವು. ಹೆಚ್ಚು ಹೊತ್ತು ಉರಿಯಲ್ಲಿ ಬೆಂದ ಸ್ಟೀಲು ಜಂಗು ತಡೆಯುವ ಗುಣ ಕಳೆದುಕೊಳ್ಳುತ್ತದೆ ಎಂದು ನನಗೆ ತಿಳಿದದ್ದು ಮುಂದೆ ಎಷ್ಟೋ ದಿನಕ್ಕೆ. ಆಗ ಮಾತ್ರ ಆ ತಗಡೇ ನನ್ನ ಮೇಲೆ ಸೇಡು ತೀರಿಸುತ್ತಿದೆ ಅನಿಸಿತ್ತು.

ಕಡೆಗೆ ಸಾಂಗ್ಲಿಯ ಒಬ್ಬ ವ್ಯಾಪಾರಿ ಬೇರೆ ಒಂದು ರಾಡು ಕೊಟ್ಟ. ಅದು ಕಬ್ಬಿಣವನ್ನು ಸ್ಟೀಲಿಗೆ ಜೋಡಿಸುವಂಥದ್ದು, ಸ್ಟೀಲಿನ ಸತ್ವ ಅದರಲ್ಲಿ ಹೆಚ್ಚಿಗೆ ಹಾಕಿರುತ್ತಾರೆ, ಅಸಲಿ ಸಿಗದಿದ್ದಲ್ಲಿ ಇದು ನಡೆಯುತ್ತದೆ ಅಂದ. ಕರೆಂಟಿನ ಮಷೀನಿನಲ್ಲಿ ಅದು ಚೆನ್ನಾಗಿ ಹರಿಯಿತು. ಬೆಸುಗೆ ಮೀನಿನ ಪರೆಯ ಹಾಗೆ ಒಂದೇ ಸಮ ಕೂತಿತು. ಉಜ್ಜಿ ಮನೆಗೆ ಕೊಟ್ಟೆ. ತಿಂಗಳು ಕಳೆಯಿತೋ ಇಲ್ಲವೋ, ಬೆಸುಗೆಯ ಮೇಲೆ ರಾಗಿ ಚೆಲ್ಲಿದಂತೆ ಕೆಂಪು ಚುಕ್ಕೆಗಳು. ವ್ಯಾಪಾರಿ ಮೋಸ ಮಾಡಿದನೆಂದು ಉಳಿದ ರಾಡಿನ ಪೊಟ್ಟಣವನ್ನು ಅಂಗಡಿಯ ಅಟ್ಟಕ್ಕೆ ಎಸೆದೆ.

ಅಸಂಗಿಗೆ ಹೋದಾಗಲೆಲ್ಲ ಅತ್ತೆಯ ಆ ಕೊಡ ಎತ್ತಿ ನೋಡುವುದು ನನಗೊಂದು ಚಟವಾಯಿತು. ಕೊರಳು ಮುಟ್ಟಿ ನೋಡುತ್ತಿದ್ದೆ, ತಳ ತಿರುವುತ್ತಿದ್ದೆ, ಒಳಗೆ ಕೈಯಾಡಿಸುತ್ತಿದ್ದೆ. ಒಂದು ಚುಕ್ಕೆ ಸಿಕ್ಕರೆ ಸಾಕು, ಅವತ್ತಿನ ಊಟ ರುಚಿಸುತ್ತಿತ್ತು. ಸಿಗಲೇ ಇಲ್ಲ. ಅತ್ತೆ ಓಣಿಯವರಿಗೆ, ದೊಡ್ಡ ಅಳಿಯಾರಿಗೆ ಆ ಕೊಡದ ಮೇಲೆ ಭಾಳ ಪ್ರೀತಿ ಅಂತ ಹೇಳಿಕೊಂಡು ತಿರುಗುತ್ತಿದ್ದರು. ಸಡ್ಡಕನ ಕೈ ಎಂಥದ್ದಿರಬೇಕು ಎಂದು ನಾನು ಯೋಚಿಸುತ್ತಿದ್ದೆ. ಅವನು ರಾಡು ಕಚ್ಚಿಸಿದ ಹೋಲ್ಡರ್ ಹಿಡಿಯುವ ರೀತಿ, ಕೈ ನಡುಗದೆ ಉಸಿರು ಕಟ್ಟಿ ಸಂದಿ ತುಂಬುವುದು, ಎಲ್ಲ ಕಣ್ಣಿಗೆ ಕಟ್ಟಿಕೊಂಡು ಕೊರಗುತ್ತಿದ್ದೆ.

ಎಪ್ಪತ್ತರ ದಶಕದಲ್ಲಿ ಡಫಳಾಪುರದಲ್ಲಿ ಹಾಲು ಕೂಡಿಸುವ ಒಂದು ಸಣ್ಣ ಡೇರಿ ಇತ್ತು. ಅಲ್ಲಿ ಹಾಲು ತುಂಬಿಡುವ ಸ್ಟೀಲಿನ ಟಾಕಿ ತಳದಲ್ಲಿ ಸೋರತೊಡಗಿತು. ಹಿಂದೆ ಯಾರೋ ಸಾದಾ ರಾಡಿನಿಂದ ಹಾಕಿದ್ದ ತೇಪೆ ಜಂಗು ತಿಂದು ಹೋಗಿತ್ತು. ಡೇರಿಯ ಚೇರ್ಮನ್ನರು ನನ್ನ ಅಂಗಡಿಗೆ ಬಂದು, ಆಗುತ್ತದೇನು ಅಂತ ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಮಾವ ಮಾತಾಡಿದರು. ಅವತ್ತು ಸಂತೆಗೆ ಬಂದು ನನ್ನ ಅಂಗಡಿಯಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

"ನಮ್ಮ ಸಣ್ಣ ಅಳಿಯಾರು ಅದ ಕೆಲಸದಾಗ ಅದಾರ್ರಿ. ಅವರನ್ನ ಕರಸ್ರಿ. ಇವರ ಮಷೀನ್ ಕೊಡ್ತಾರ."

ನನ್ನ ಅಂಗಡಿ, ಅವರು ಕೂತದ್ದು ನನ್ನ ಬಾಕಿನ ಮೇಲೆ, ಕುಡಿಯುತ್ತಿದ್ದುದು ನಾನು ತರಿಸಿದ ಚಹಾ. ಮಷೀನು ಕೊಡುತ್ತೇನೆ ಅಂದೆ. ಚೇರ್ಮನ್ನರು ಕೊಲ್ಹಾಪುರಕ್ಕೆ ಹೇಳಿ ಕಳಿಸಿದರು.

ಸಡ್ಡಕ ರಜೆ ಹಾಕಿ ಬಂದ. ನಾನು ಮಷೀನನ್ನು ಚಕ್ಕಡಿಯಲ್ಲಿ ಹೇರಿಕೊಂಡು ಡಫಳಾಪುರಕ್ಕೆ ಹೋದೆ. ಡೇರಿಯ ಮುಂದೆ ಮಾವ, ಚೇರ್ಮನ್ನರು, ಹಾಲಿನವರು ಎಲ್ಲ ನಿಂತಿದ್ದರು. ಸಡ್ಡಕ ಚೀಲ ಬಿಚ್ಚಿದ. ತಿಕ್ಕುವ ಬಟ್ಟೆಯ ಗಾಲಿಗಳು, ಅವನ್ನು ತಿರುಗಿಸುವ ಕೈಮೋಟಾರು, ಹೊಳಪಿಗೆ ಹಚ್ಚುವ ಹಸಿರು ಮಸಾಲೆಯ ಡಬ್ಬಿ, ಒಂದು ಹೊಳೆಯುವ ತಂತಿಯ ಬ್ರಶ್ಶು. ರಾಡು ಕಾಣಲಿಲ್ಲ. ಅವನು ಟಾಕಿಯ ತಳ ನೋಡಿದ, ಆಮೇಲೆ ಎಲ್ಲರನ್ನೂ ಚಹಾ ಕುಡಿದು ಬರ್ರಿ ಅಂತ ಕಳಿಸಿದ. ನಾವಿಬ್ಬರೇ ಉಳಿದೆವು.

"ಅಣ್ಣಾರ, ನಾ ವೆಲ್ಡರ್ ಅಲ್ರಿ," ಅಂದ. "ಪಾಲಿಶ್ ಖಾತೇದಾಗ ಅದೀನಿ. ಹೋಲ್ಡರ್ ಒಮ್ಮಿನೂ ಹಿಡಿದಿಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. ಮತ್ತೆ ಮದುವೆಯ ಹೊತ್ತಿನಲ್ಲಿ ವೆಲ್ಡರ್ ಅಂತ ಯಾಕೆ ಹೇಳಿದಿರಿ ಅಂತ ಕೇಳಿದೆ.

"ಮಿಸ್ತ್ರಿ ಅಂತ ಮಧ್ಯಸ್ಥರು ಅಂದ್ರು. ವೆಲ್ಡರ್ ಅಂತ ಮಾವಾರು ತಿಳಕೊಂಡ್ರು. ನಾ ಹೌದು ಅಂದಿಲ್ಲ, ಅಲ್ಲ ಅಂತನೂ ಅಂದಿಲ್ರಿ. ಇವತ್ತ ಬರಲಿಲ್ಲಂದ್ರ ಅವರ ಮಾರಿ ಸಣ್ಣದಾಗ್ತಿತ್ತು. ಅದಕ ಬಂದೀನಿ. ಬೆಸಗಿ ನೀವ ಹಾಕ್ರಿ, ಮುಂದಿಂದು ನಾ ನೋಡ್ತೀನಿ."

ಎಷ್ಟೋ ವರ್ಷದಿಂದ ನಾನು ಹುಡುಕುತ್ತಿದ್ದ ಚುಕ್ಕೆ ತಾನಾಗಿ ನನ್ನ ಅಂಗೈಗೆ ಬಂದು ಬಿದ್ದಿತ್ತು. ಬಾಗಿಲ ಹೊರಗೆ ಮಾವ ಕೂತಿದ್ದರು. ಒಂದು ಮಾತು ಸಾಕಿತ್ತು. ಆದರೆ ನನಗೆ ಬಂದದ್ದು ಸಂತೋಷವಲ್ಲ, ಸಿಟ್ಟು. ಅತ್ತೆಯ ಕೊಡದ ಕೊರಳಲ್ಲಿ ನಾನು ಬೆರಳಾಡಿಸಿ ನೋಡಿದ ಬೆಸುಗೆ ಇವನದ್ದಲ್ಲ. ಮುಖ ಕಂಡಿರದ ಯಾರೋ ವೆಲ್ಡರನದ್ದು. ನಾನು ಮತ್ಸರಪಟ್ಟ ಕೈ ಇವನಿಗೆ ಇರಲೇ ಇಲ್ಲ. ನಾನು ಉರಿದದ್ದೆಲ್ಲ ಸುಮ್ಮಸುಮ್ಮನೆ ಹೋಯಿತಲ್ಲ ಎಂದು ಅವನ ಮೇಲೆಯೇ ಸಿಟ್ಟು ಬಂತು. ಬಾಗಿಲಿಗೆ ಹೋದೆ. ಮಷೀನಿನ ವೈರು ಒಳಗೆ ತರಲು ಹೇಳಿ ತಿರುಗಿ ಬಂದೆ.

ರಾಡು ಯಾವುದು ಹಾಕಬೇಕು ಅನ್ನುವ ಪ್ರಶ್ನೆ ಬಂತು. ಅಸಲಿ ರಾಡನ್ನು ಕಾರಖಾನೆಯ ಉಗ್ರಾಣದವರು ಹೊರಗೆ ಬಿಡುವುದಿಲ್ಲ ಅಂದ. ಆಗ ನಾನು ನನ್ನ ಕೊಡಗಳ ಕಥೆಯನ್ನು ಮೊದಲ ಸಲ ಒಬ್ಬರ ಮುಂದೆ ಬಿಚ್ಚಿದೆ: ಸಾದಾ ರಾಡು, ಹಿತ್ತಾಳೆ, ತಗಡಿನ ಪಟ್ಟಿ, ಸಾಂಗ್ಲಿಯ ರಾಡು. ಅವನು ಕೊನೆಯದರ ಬಗ್ಗೆ ಮಾತ್ರ ವಿಚಾರಿಸಿದ. ಚುಕ್ಕೆ ಎಲ್ಲಿ ಎದ್ದವು, ಉಜ್ಜಿದ್ದು ಯಾತರಿಂದ? ಎಲ್ಲದಕ್ಕೂ ಹಚ್ಚುವ ತಂತಿಯ ಬ್ರಶ್ಶಿನಿಂದ ಅಂದೆ.

"ಕಬ್ಬಿಣದ್ದೇನ್ರಿ?"

"ಮತ್ತ್ಯಾತರದು ಇರ್ತದ?"

"ಜಂಗು ರಾಡಿಂದಲ್ಲ ಅಣ್ಣಾರ, ಬ್ರಶ್ಶಿಂದು."

ಕಬ್ಬಿಣದ ಬ್ರಶ್ಶು ತಿಕ್ಕಿದರೆ ಅದರ ಪುಡಿ ಸ್ಟೀಲಿನ ಮೈಯೊಳಗೆ ಹೊಕ್ಕು ಕೂರುತ್ತದೆ, ಜಂಗು ಹಿಡಿಯುವುದು ಆ ಪುಡಿ. ಇನ್ನು ಬೆಸುಗೆಯ ಸುತ್ತ ಬಿಸಿಗೆ ಏಳುವ ನೀಲಿ-ಕಪ್ಪು ಬಣ್ಣವನ್ನು ಹಾಗೇ ಬಿಟ್ಟರೂ ಅಲ್ಲಿಂದಲೇ ಕೊಳೆಯಲು ಶುರುವಾಗುತ್ತದೆ. ತಮ್ಮ ಖಾತೆಯಲ್ಲಿ ಕಬ್ಬಿಣ ಮುಟ್ಟಿದ ಬ್ರಶ್ಶನ್ನು ಸ್ಟೀಲಿನ ಹತ್ತಿರ ತಂದರೆ ಕೆಲಸ ನೋಡಿಕೊಳ್ಳುವ ಮುಕಾದಮ ಕೂಗಾಡುತ್ತಾನೆ ಅಂತ ಹೇಳಿದ. ನಾನು ನಂಬಲಿಲ್ಲ. ನಂಬಲು ಮನಸ್ಸಿರಲಿಲ್ಲ.

ಮರುದಿನ ಜತ್ತಿನಿಂದ ಆ ಪೊಟ್ಟಣ ತಂದೆ. ಅಟ್ಟದ ಮೇಲೆ ಬಿದ್ದು ರಾಡುಗಳು ತೇವ ಹೀರಿದ್ದವು. ತವದ ಮೇಲೆ ಕಾಯಿಸಿ ಒಣಗಿಸಿದೆವು. ಸ್ಟೀಲಿನ ಒಂದು ತುಂಡಿಗೆ ಉದ್ದಕ್ಕೆ ಬೆಸುಗೆ ಹಾಕಿ, ಅರ್ಧ ನನ್ನ ಬ್ರಶ್ಶಿನಿಂದ ತಿಕ್ಕಿದೆ, ಉಳಿದರ್ಧ ಅವನು ತನ್ನ ಬ್ರಶ್ಶಿನಿಂದ ತಿಕ್ಕಿ ಹೊಳಪು ಮಾಡಿದ. ಸವಳು ನೀರಿಗೆ ಇನ್ನಷ್ಟು ಉಪ್ಪು ಹಾಕಿ ಒಂದು ಮಣ್ಣಿನ ಗಡಿಗೆಯಲ್ಲಿ ಅದನ್ನು ಕೆಲವು ದಿನ ಮುಳುಗಿಸಿಟ್ಟೆವು. ಹಾಲನ್ನು ಅಷ್ಟು ದಿನ ಕ್ಯಾನುಗಳಲ್ಲೇ ತುಂಬಿ ಕಳಿಸುತ್ತಿದ್ದರು. ಚೇರ್ಮನ್ನರು ದಿನಾ ಬಂದು ಗಡಿಗೆಯಲ್ಲಿ ಇಣುಕಿ ಗೊಣಗುತ್ತಿದ್ದರು. ಅವನ ರಜೆ ಮುಗಿದರೂ ಅವನು ಹೋಗಲಿಲ್ಲ.

ತುಂಡು ಹೊರಗೆ ತೆಗೆದಾಗ ನನ್ನ ಅರ್ಧದ ಮೇಲೆ ಚುಕ್ಕೆಗಳಿದ್ದವು. ಅವನ ಅರ್ಧ ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು. ಒಂದೇ ರಾಡು, ಒಂದೇ ಬೆಸುಗೆ, ಅದೂ ನನ್ನದೇ ಕೈಯದು. ಸಾಂಗ್ಲಿಯ ವ್ಯಾಪಾರಿ ಮೋಸಗಾರನಾಗಿರಲಿಲ್ಲ. ಸಡ್ಡಕ ತುಂಡನ್ನು ಒರೆಸಿ ನನ್ನ ಕೈಗೆ ಕೊಟ್ಟ. ಅವನು ಏನಾದರೂ ಅಂದಿದ್ದರೆ ನನಗೆ ಸಲೀಸಾಗುತ್ತಿತ್ತು.

ಟಾಕಿಯ ಹಳೆಯ ತೇಪೆ ಕತ್ತರಿಸಿ ತೆಗೆದು ಹೊಸ ತಗಡು ಕೂಡಿಸಿದೆ. ಗೇಣುದ್ದವೂ ಒಂದೇ ಸಲಕ್ಕೆ ಹಾಕಲಿಲ್ಲ. ಸ್ವಲ್ಪ ಹಾಕುವುದು, ಅಂಗೈ ಇಡುವಷ್ಟು ಆರುವ ತನಕ ಕಾಯುವುದು, ಆಮೇಲೆ ಮುಂದಕ್ಕೆ. ಬದಿಯ ತಗಡು ಬೇಯಬಾರದು. ಅಂಥ ಬೆಸುಗೆಯನ್ನು ನಾನು ಅದಕ್ಕೂ ಮುಂಚೆ ಹಾಕಿರಲಿಲ್ಲ. ಮುಗಿದ ಮೇಲೆ ಅದನ್ನು ಬಹಳ ಹೊತ್ತು ನೋಡುತ್ತ ಕೂತೆ. ಯಾರಾದರೂ ಆಗಲೇ ಬಂದು ನೋಡಲಿ ಅನಿಸಿತು. ಯಾರೂ ಬರಲಿಲ್ಲ. ಸಡ್ಡಕ ಮೂಗಿಗೆ ಬಾಯಿಗೆ ಟವೆಲ್ ಕಟ್ಟಿಕೊಂಡು ಟಾಕಿಯೊಳಗೆ ಇಳಿದ.

ಒಂದು ಗಾಲಿ, ಆಮೇಲೆ ಇನ್ನೂ ಮೆತ್ತಗಿನ ಗಾಲಿ, ಆಮೇಲೆ ಬಟ್ಟೆ, ಮಸಾಲೆ. ಟಾಕಿಯೊಳಗೆ ಮಲಗಿ, ಮಗ್ಗುಲಾಗಿ, ಮೊಣಕಾಲೂರಿ ಮಾಡಿದ. ಹೊರಗೆ ಬಂದಾಗ ಅವನ ಹುಬ್ಬು ರೆಪ್ಪೆಗಳ ಮೇಲೆಲ್ಲ ಕಪ್ಪು ಹಸಿರು ದೂಳು ಕೂತು ಗುರುತು ಸಿಗದಂತಾಗಿದ್ದ. ಕೆಮ್ಮುತ್ತ ಗೋಡೆಗೆ ಒರಗಿದ. ನಾನು ಬಗ್ಗಿ ಒಳಗೆ ನೋಡಿದೆ. ನನ್ನ ಬೆಸುಗೆ ಇರಲಿಲ್ಲ. ಎಲ್ಲಿಂದ ಎಲ್ಲಿಗೆ ಹಾಕಿದ್ದೆನೆಂದು ನನಗೇ ಹೇಳಲಾಗಲಿಲ್ಲ.

ಚೇರ್ಮನ್ನರು ಬಂದು ಹೆಬ್ಬೆರಳು ಹಚ್ಚಿ ನೋಡಿದರು. "ಜೋಡು ಎಲ್ಲೈತ್ರಿ?" ಅಂದರು. ಹಾಲಿನವರು ಒಬ್ಬೊಬ್ಬರಾಗಿ ಕೈಯಾಡಿಸಿದರು. ಮಾವ ಎಲ್ಲರ ಕಡೆ ತಿರುಗಿ, "ನಮ್ಮ ಸಣ್ಣ ಅಳಿಯಾರ ಕೈ ಹಂಗ ಐತಿ" ಅಂದರು.

ಸಡ್ಡಕ ಟವೆಲ್ ಬಿಚ್ಚಿ, ಎಲ್ಲರಿಗೂ ಕೇಳುವ ಹಾಗೆ, ಬೆಸುಗೆಯೆಲ್ಲ ಅಣ್ಣಾರದು, ತಾನು ಬರೀ ತಿಕ್ಕಿದ್ದೇನೆ ಅಂತ ಹೇಳಿದ. ಮಾವ ಹೌದು ಹೌದು, ಅವರೂ ಇದ್ದರು ಅಂದು ಮತ್ತೆ ಆ ಹೊಳಪಿನ ಮೇಲೆ ಕೈ ಸವರಿದರು. ಇಲ್ಲ ಅನ್ನಲು ನನ್ನ ಹತ್ತಿರ ತೋರಿಸುವುದೇನಿತ್ತು? ಬೆಸುಗೆ ಕಾಣದಿದ್ದರೇ ಅದು ಒಳ್ಳೆಯದಾಗಿದೆ ಎಂದು ಅರ್ಥ. ಅವತ್ತಿನ ತನಕ ಇದ್ದದ್ದು ಇಲ್ಲದ ಕೈಯ ಮೇಲಿನ ಮತ್ಸರ. ಈಗ ಕಣ್ಣಾರೆ ಕಂಡ ಕೆಲಸದ ಮೇಲೆ ಹುಟ್ಟಿತು. ಜೊತೆಗೆ ಅವನು ನಿಜ ಹೇಳಿದ್ದು ಬೇರೆ. ಬೈದುಕೊಳ್ಳಲು ಒಂದು ನೆಪವನ್ನೂ ಅವನು ನನಗೆ ಬಿಡಲಿಲ್ಲ.

ಟಾಕಿ ಚೆನ್ನಾಗಿ ನಡೆಯಿತು. ಸೋಡಾ ಹಾಕಿ ತೊಳೆದರು, ಸವಳು ನೀರಲ್ಲಿ ತೊಳೆದರು, ಬೇಸಿಗೆಯಲ್ಲಿ ಹಾಲು ಹುಳಿಯಾಗಿಯೂ ನಿಂತಿತು. ಡಫಳಾಪುರದ ಮೇಲೆ ಹೋದಾಗಲೆಲ್ಲ ನಾನು ಇಳಿದು ಒಳಗೆ ಬಗ್ಗಿ ನೋಡುತ್ತಿದ್ದೆ. ಈ ಸಲ ಚುಕ್ಕೆ ಸಿಗದಿರಲಿ ಎಂದು ನೋಡುತ್ತಿದ್ದೆ. ಸಿಕ್ಕರೆ ಅದು ನನ್ನ ರಾಡಿನದ್ದು. ಹೆಂಡತಿಗೂ ಅದೇ ರಾಡಿನಿಂದ ಒಂದು ಕೊಡ ಮಾಡಿದೆ. ಸಡ್ಡಕ ಮುಂದಿನ ಸಲ ಬಂದಾಗ ಪಾಲಿಶ್ ಮಾಡಿಕೊಟ್ಟ. ಅವಳು ಅದನ್ನು ಓಣಿಯಲ್ಲಿ ತೋರಿಸುವಾಗ ಯಾರ ಹೆಸರು ಹೇಳಿದಳೋ ನಾನು ಕೇಳಲು ಹೋಗಲಿಲ್ಲ.

ಕೆಲವು ವರ್ಷಕ್ಕೆ ಆ ಪಾಲಿಶಿನ ದೂಳು ಸಡ್ಡಕನ ಎದೆಗೆ ಆಗಿಬರದೆ ಅವನು ಕಾರಖಾನೆ ಬಿಟ್ಟ. ಅಕ್ಕತಂಗಿಯರು ಒಂದೇ ಊರಿನಲ್ಲಿ ಇರಬೇಕೆಂದು ಹೆಂಡತಿ ಪಟ್ಟು ಹಿಡಿದಳು. ಅವನು ಜತ್ತಿಗೆ ಬಂದ. ನನ್ನ ಅಂಗಡಿಯ ಗಾಳಿ ಆಡುವ ಬದಿಗೆ ಒಂದು ಮೋಟಾರು ಕೂಡಿಸಿ ಗಾಲಿ ಹಾಕಿಕೊಟ್ಟೆ. ಅವನು ವೆಲ್ಡರ್ ಅಲ್ಲವೆಂದು ಆಗ ಮಾವನಿಗೂ ಗೊತ್ತಾಯಿತು. ಅವರು ಬಂದು ಸ್ವಲ್ಪ ಹೊತ್ತು ನೋಡಿ, ಸ್ಟೀಲಿನಲ್ಲಿ ಪಾಲಿಶೇ ದೊಡ್ಡ ಕೆಲಸವಂತೆ ಅಂತ ನನಗೇ ತಿಳಿಸಿ ಹೇಳಿ ಹೋದರು.

ಗಿರಾಕಿಗಳು ಬಂದು, ಪಾಲಿಶಿನವರು ಇದ್ದಾರೇನು ಅಂತ ಕೇಳತೊಡಗಿದರು. ಹೋಟೆಲಿನ ಚಹಾದ ಬಾಯ್ಲರು, ಹಾಲಿನ ಕ್ಯಾನು, ಮದುವೆಯ ಪಾತ್ರೆ. ಅಂಗಡಿ ನನ್ನದು, ಆದರೆ ಜನ ಹೇಳುತ್ತಿದ್ದುದು ಪಾಲಿಶಿನ ಅಂಗಡಿ. ಒಮ್ಮೆ ಸಡ್ಡಕ ಕೆಮ್ಮು ಹೆಚ್ಚಾಗಿ ಮನೆಯಲ್ಲಿದ್ದಾಗ ಸ್ಟ್ಯಾಂಡಿನ ಹೋಟೆಲಿನವನು ಬಾಯ್ಲರ್ ತಂದ. ತಳಕ್ಕೆ ಬೆಸುಗೆ ಹಾಕಿದೆ. ಪಾಲಿಶನ್ನೂ ನಾನೇ ಮಾಡೋಣವೆಂದು ಗಾಲಿಯ ಮುಂದೆ ನಿಂತೆ. ಎಷ್ಟು ದಿನದಿಂದ ನೋಡುತ್ತಿದ್ದೇನೆ, ಅದೇನು ಮಹಾ ಅನಿಸಿತ್ತು. ಹೋಟೆಲಿನವನು ಬಾಯ್ಲರನ್ನು ಬಿಸಿಲಿಗೆ ಹಿಡಿದು, ಅದರ ಮೈಮೇಲೆಲ್ಲ ಬೆಕ್ಕು ಪರಚಿದಂಥ ಗೆರೆಗಳನ್ನು ನೋಡಿ, ಪಾಲಿಶಿನವರು ಎಂದು ಬರುತ್ತಾರೆ ಅಂತ ಕೇಳಿದ.

ಸಡ್ಡಕ ಬಂದ ದಿನ ಬಾಯ್ಲರ್ ಮೂಲೆಯಲ್ಲಿತ್ತು. ಅವನು ಅದನ್ನು ಬೆಳಕಿಗೆ ತಂದ. ಬೆರಳಿನಿಂದ ಗೆರೆಗಳನ್ನು ಮುಟ್ಟಿ ನೋಡಿ, ಒರಟು ಗಾಲಿಯಿಂದ ಮತ್ತೆ ಶುರುಮಾಡಿದ. ನಾನು ಬಾಕಿನ ಮೇಲೆ ಕೂತು ಬೀಡಿ ಹಚ್ಚಿದೆ. ಗೆರೆಗಳು ಒಂದೊಂದಾಗಿ ಹೋದವು, ಅವುಗಳ ಜೊತೆಗೆ ನನ್ನ ಬೆಸುಗೆಯೂ ಹೋಯಿತು. ಅವತ್ತೂ ಹೊಟ್ಟೆ ಉರಿಯಿತು. ಆದರೂ ಚಹಾದವನನ್ನು ಕೂಗಿ ಎರಡು ಕಪ್ಪು ಹೇಳಿದೆ, ಸಡ್ಡಕನ ಕಪ್ಪಿಗೆ ಶುಂಠಿ ಹಾಕಲು ಹೇಳಿದೆ.